ಮುನಿಕೃಷ್ಣ ಬಿಚ್ಚಿದ ಪೆಟ್ರೋಲ್ ಪೈಪು

ನಂಗಲಿಯಲ್ಲಿ ಹೆದ್ದಾರಿಯ ಪಕ್ಕ, ಆಂಧ್ರದ ಕಡೆಯಿಂದ ಬರುವ ಲಾರಿಗಳು ಟೀಗೆಂದು ಸಾಲಾಗಿ ನಿಲ್ಲುವ ಜಾಗದಲ್ಲಿ ಮುನಿಕೃಷ್ಣನ ಬೈಕ್ ಗ್ಯಾರೇಜ್ ಇತ್ತು. ಮುಂದೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಹಿಂದೆಯೇ ಎರಡು ಕೋಣೆಯ ಮನೆ. ಅವನ ಸ್ವಂತ ಊರು ತಾಯಲೂರಿನ ಪಕ್ಕದ ಹಳ್ಳಿ. ಅಪ್ಪ ಸುಬ್ಬರಾಯಪ್ಪ ಕೆರೆ ಕೆಳಗಿನ ಜಮೀನಿನಲ್ಲಿ ರಾಗಿ ಬೆಳೆಯುತ್ತಿದ್ದರು. ಬಾವಿಯ ಪಂಪ್‌ಸೆಟ್ಟು ಕೆಟ್ಟಾಗಲೆಲ್ಲ ರಿಪೇರಿಯವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಮಗ, ಓದು ಹತ್ತದೆ ಮುಳಬಾಗಿಲಿಗೆ ಹೋಗಿ ಕೆಲಸ ಕಲಿತು, ಮದುವೆಯಾದ ಮೇಲೆ ನಂಗಲಿಗೆ ಬಂದು ನೆಲೆಸಿದ.

ಅವನ ಕೆಲಸದ ಬಗ್ಗೆ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ಬಾಯಿಯ ಬಗ್ಗೆ ಎಲ್ಲರೂ ಆಡುತ್ತಿದ್ದರು. ಬೋಳು ಟೈರಿನ ಗಾಡಿಯಲ್ಲಿ ಯಾರಾದರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದರೆ, "ಏನಯ್ಯ, ಇವ್ರ ಮೇಲೆ ಏನಾದ್ರೂ ಸಿಟ್ಟಿದೆಯಾ ನಿಂಗೆ?" ಎಂದು ಅವರೆದುರೇ ಕೇಳಿಬಿಡುತ್ತಿದ್ದ. ಬ್ರೇಕು ಸರಿಯಿಲ್ಲದ ಗಾಡಿಯ ಕೀ ವಾಪಸು ಕೊಡದೆ ಜಗಳ ಮಾಡಿದ್ದೂ ಉಂಟು. ಒಳ್ಳೆಯದನ್ನು ಒಳ್ಳೆಯ ಮಾತಿನಲ್ಲಿ ಹೇಳುವುದು ಅವನಿಗೆ ಕೊನೆಯವರೆಗೂ ಬರಲಿಲ್ಲ. ಹೆಂಡತಿ ಸಹನ ಇದನ್ನು ಅವನಿಗೆ ನೂರು ಸಲ ಹೇಳಿದ್ದಳು. "ನಿಜ ಹೇಳೋಕೆ ಸಕ್ರೆ ಬೇರೆ ಹಾಕ್ಬೇಕಾ?" ಎನ್ನುತ್ತಿದ್ದ.

ಸಹನಳ ತವರು ಶ್ರೀನಿವಾಸಪುರದ ಹತ್ತಿರ. ಮನೆಯಲ್ಲಿ ಎಲ್ಲರದೂ ಅರ್ಧ ತೆಲುಗು, ಅರ್ಧ ಕನ್ನಡ. ಅಪ್ಪ ವೆಂಕಟರಾಯಪ್ಪನಿಗೆ ಒಂದಿಷ್ಟು ಮಾವು, ಒಂದಿಷ್ಟು ಹಿಪ್ಪುನೇರಳೆ. ಮನೆಯ ಪಕ್ಕದಲ್ಲೇ ರೇಷ್ಮೆಯ ಹುಳುಮನೆ. ಅಮ್ಮ ಬೈರಮ್ಮ. ಒಬ್ಬನೇ ತಮ್ಮ ಅನಿಲ್‌ಕುಮಾರ್. ಅವನು ಹೈಸ್ಕೂಲಿನಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಅವನಿಗೆ ಬೈಕು ಕಲಿಸಿದವನು ಭಾವನೇ. ತಾಯಲೂರಿನ ಕೆರೆ ಏರಿಯ ಮೇಲೆ ಹಿಂದೆ ಕೂತು, ಹೆಗಲು ಹಿಡಿದು, "ಕ್ಲಚ್ಚು ಮೆಲ್ಲಗೆ ಬಿಡೋ, ಅದು ಕಪ್ಪೆಯಲ್ಲ ನೆಗೆಯೋಕೆ" ಎಂದು ಬೈಯುತ್ತಾ ಕಲಿಸಿದ್ದ. ಆಗ ಆ ಬೈಗುಳ ಅನಿಲನಿಗೆ ಇಷ್ಟವಾಗುತ್ತಿತ್ತು. ಊರಿಗೆ ಹೋಗಿ ಗೆಳೆಯರ ಮುಂದೆ ಭಾವನ ದನಿಯಲ್ಲೇ ಅದನ್ನು ಆಡಿ ತೋರಿಸುತ್ತಿದ್ದ.

ಮುಂದೆ ಅನಿಲನಿಗೆ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ದಿನವೂ ಕೋಲಾರದವರೆಗೆ ತನ್ನ ಬೈಕಿನಲ್ಲಿ ಬಂದು, ಅಲ್ಲಿಂದ ಕಂಪನಿ ಬಸ್ಸು ಹತ್ತುತ್ತಿದ್ದ. ಕೆಂಪು ಬಣ್ಣದ ದೊಡ್ಡ ಬೈಕು. ಒಕ್ಕಲೇರಿಯ ಮೇಘನ ಎಂಬ ಹುಡುಗಿಯನ್ನು ಮದುವೆಯಾದ. ಮಾತು ಕಮ್ಮಿ, ಕೆಲಸ ಜಾಸ್ತಿ ಎಂದು ಬೈರಮ್ಮ ಸೊಸೆಯನ್ನು ಎಲ್ಲರ ಮುಂದೆ ಹೊಗಳುತ್ತಿದ್ದಳು.

ಬೇಸಿಗೆಯ ಒಂದು ಭಾನುವಾರ ಅನಿಲ, ಮೇಘನ ಇಬ್ಬರೂ ನಂಗಲಿಗೆ ಬಂದರು. ಗಾಡಿ ನಿಲ್ಲಿಸಿದ ಕೂಡಲೇ ಮುನಿಕೃಷ್ಣ ಮೂಗು ಅರಳಿಸಿದ.

"ಪೆಟ್ರೋಲ್ ವಾಸ್ನೆ ಬರ್ತಿದೆಯಲ್ಲೋ."

"ಈಗ್ ತಾನೇ ಹಾಕಿಸ್ದೆ ಬಾವ. ಅದಕ್ಕೇ."

"ಅದಲ್ಲ" ಎಂದು ಮುನಿಕೃಷ್ಣ ಸೀಟು ತೆಗೆದು ಟ್ಯಾಂಕಿನ ಬೋಲ್ಟು ಬಿಚ್ಚಿದ.

ಹಳೆಯ ಗಾಡಿಗಳಲ್ಲಿ ಪೆಟ್ರೋಲು ಟ್ಯಾಂಕಿನಿಂದ ತಾನಾಗಿ ಕೆಳಗಿಳಿಯುತ್ತದೆ. ಈಗಿನ ಗಾಡಿಗಳಲ್ಲಿ ಟ್ಯಾಂಕಿನ ಒಳಗೇ ಒಂದು ಪಂಪು ಇರುತ್ತದೆ. ಕೀ ತಿರುಗಿಸಿದೊಡನೆ ಅದು ಪೆಟ್ರೋಲನ್ನು ಜೋರಾಗಿ ಪೈಪಿಗೆ ತಳ್ಳುತ್ತದೆ. ಟ್ಯಾಂಕನ್ನೂ ಆ ಪೈಪನ್ನೂ ಕೂಡಿಸಲು ಬೆರಳ ತುದಿಯಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಕನೆಕ್ಟರ್. ಎಂಜಿನ್ನಿನ ಕಾವು ತಾಗಿ ತಾಗಿ ಅದು ಕಡಲೆಕಾಯಿ ಸಿಪ್ಪೆಯ ಹಾಗೆ ಪೆಡಸಾಗುತ್ತದೆ. ಮುನಿಕೃಷ್ಣ ಟ್ಯಾಂಕನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಆ ಕನೆಕ್ಟರಿನ ಕ್ಲಿಪ್ಪನ್ನು ಒತ್ತಿದ. ಟಕ್ಕೆಂದು ಅದರ ಕತ್ತು ಮುರಿದು ಅವನ ಅಂಗೈಗೆ ಬಂತು.

"ಬಾವ, ಏನ್ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ ಕಣೋ. ಮೊದ್ಲೇ ಸೀಳಿತ್ತು. ನೋಡು, ಸೀಳಿನೊಳಗೆ ಕೊಳೆ ಕೂತಿದೆ. ಹೊಸ ಸೀಳಾಗಿದ್ರೆ ಬೆಳ್ಳಗಿರ್ತಿತ್ತು."

"ಬರ್ತಾ ಚೆನ್ನಾಗೇ ಓಡ್ತಿತ್ತಲ್ಲ."

ಅಲ್ಲಿಗೆ ಮುನಿಕೃಷ್ಣ ಸುಮ್ಮನಾಗಬಹುದಿತ್ತು. ಆಗಲಿಲ್ಲ. "ಓಡ್ತಿತ್ತು, ಓಡ್ತಾ ಓಡ್ತಾನೇ ಹತ್ಕೊಂಡು ಉರಿಯೋದು. ಮೇಘನನ್ನ ಹಿಂದೆ ಕೂರಿಸ್ಕೊಂಡು ಬಾಂಬಿನ ಮೇಲೆ ಬಂದಿದೀಯ. ಫ್ಯಾಕ್ಟ್ರೀಲಿ ಮೆಷಿನ್ ನಡ್ಸೋನಂತೆ! ಮೂಗು ಎಲ್ಲಿ ಅಡ ಇಟ್ಟಿದ್ದೆ?"

ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಲಾರಿಯವರು ನಕ್ಕರು. ಅನಿಲನ ಮುಖ ಕೆಂಪಾಯಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

ಕಂಪನಿಯ ಸಾಮಾನು ತರಿಸಿದರೆ ಮತ್ತೆ ಅದೇ ಪ್ಲಾಸ್ಟಿಕ್ ಬರುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಲೋಹದ್ದು ಸಿಗುತ್ತದೆ, ಮಂಗಳವಾರ ತಾನೇ ಹೋಗಿ ತಂದು ಹಾಕುತ್ತೇನೆ ಎಂದು ಮುನಿಕೃಷ್ಣ ಹೇಳಿದ. ಅಲ್ಲಿಯವರೆಗೆ ಕೆಂಪು ಬೈಕು ಇಲ್ಲೇ ಇರಲಿ ಎಂದು ತನ್ನ ಹಳೆಯ ಗಾಡಿಯನ್ನು ಬಾಮೈದನಿಗೆ ಕೊಟ್ಟು ಕಳಿಸಿದ. ಅನಿಲ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದನ್ನು ಸಹನ ನೋಡಿದಳು. ಮುನಿಕೃಷ್ಣ ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮುನಿಕೃಷ್ಣ ಬೆಂಗಳೂರಿನ ಬಸ್ಸು ಹತ್ತಿದ. ಮಧ್ಯಾಹ್ನ ಒಂದು ಲಗೇಜ್ ಆಟೋ ಬಂದು ಗ್ಯಾರೇಜಿನ ಮುಂದೆ ನಿಂತಿತು. ಅದರ ಹಿಂದೆಯೇ ಅನಿಲ, ಭಾವನ ಹಳೆಯ ಗಾಡಿಯಲ್ಲಿ. ಆಟೋದಿಂದ ಇಳಿದವನು ಕದಿರೇಶ್. ಶ್ರೀನಿವಾಸಪುರದಲ್ಲಿ ಬೈಕು ರಿಪೇರಿ ಮಾಡುವವನು, ಅನಿಲನ ಜೊತೆ ಓದಿದವನು.

"ಅಕ್ಕಾ, ನನ್ ಗಾಡಿ ಕೀ ಕೊಡು" ಎಂದ ಅನಿಲ.

"ನಿಮ್ ಬಾವ ಅದಕ್ಕೇ ಬೆಂಗಳೂರಿಗೆ ಹೋಗಿದಾರಲ್ಲೋ. ಸಂಜೆ ಬಂದ್ಬಿಡ್ತಾರೆ."

"ಅಷ್ಟು ದೊಡ್ಡ ಕೆಲ್ಸ ಏನಲ್ಲ ಅಂತಾನೆ ಕದಿರೇಶ. ಬಾವನ್ ಗಾಡಿ ದಾರೀಲಿ ಎರಡು ಸಲ ನಿಂತೋಯ್ತು. ಶಿಫ್ಟಿಗೆ ಲೇಟಾಯ್ತು. ಎಲ್ಲಾರ ಮುಂದೆ ಬೈಸ್ಕೊಂಡೆ."

ಸಹನ ಗಂಡನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಜೆ.ಸಿ. ರಸ್ತೆಯ ಗದ್ದಲದಲ್ಲಿ ಅವನಿಗೆ ಕೇಳಿಸಿರಲಿಲ್ಲ. ತಮ್ಮ ಅಂಗಳದಲ್ಲಿ ಕೈಕಟ್ಟಿ ನಿಂತೇ ಇದ್ದ. ಒಳಗೆ ಬಾ ಎಂದರೂ ಬರಲಿಲ್ಲ. ತನ್ನ ಗಾಡಿಯನ್ನು ತಾನು ಕೇಳುತ್ತಿರುವ ತಮ್ಮನಿಗೆ ಕೊಡುವುದಿಲ್ಲ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೊಳೆಗೆ ಸಿಕ್ಕಿಸಿದ್ದ ಕೀ ತೆಗೆದು ಕೊಟ್ಟಳು.

ಗಾಡಿಯನ್ನು ಆಟೋದಲ್ಲಿ ಶ್ರೀನಿವಾಸಪುರಕ್ಕೆ ಒಯ್ದು, ಕದಿರೇಶ್ ಕನೆಕ್ಟರಿನ ಮುರಿದ ಕತ್ತಿಗೆ ಅಂಟು ಮೆತ್ತಿ, ಮೇಲೆ ತಂತಿ ಸುತ್ತಿ, ಗಾಡಿ ಓಡುವಂತೆ ಮಾಡಿದ. ವಾಸನೆಯೂ ನಿಂತಿತು.

ಮುನಿಕೃಷ್ಣ ಮನೆಗೆ ಬಂದು ವಿಷಯ ಕೇಳಿ ಸಹನಳ ಮೇಲೆ ಕೂಗಾಡಿದ. ಮರುದಿನ ಸಂಜೆ ಲೋಹದ ಕನೆಕ್ಟರನ್ನೂ ಸ್ಪ್ಯಾನರುಗಳನ್ನೂ ಚೀಲದಲ್ಲಿ ಹಾಕಿಕೊಂಡು ಮಾವನ ಮನೆಗೆ ಹೋದ. ವೆಂಕಟರಾಯಪ್ಪ ಜಗಲಿಯ ಮೇಲೆ ಕೂತಿದ್ದರು. ಹುಳುಮನೆಯ ಬಾಗಿಲಲ್ಲಿ ಮೇಘನ ಸೊಪ್ಪು ಹೆಚ್ಚುತ್ತಿದ್ದಳು. ಕೆಂಪು ಬೈಕು ಅಂಗಳದಲ್ಲೇ ನಿಂತಿತ್ತು.

"ಸರಿಹೋಯ್ತು ಬಾವ. ಏನೂ ಬೇಡ" ಎಂದ ಅನಿಲ.

"ಟ್ಯಾಂಕ್ ಎತ್ತಿದ್ರೆ ಅರ್ಧ ಗಂಟೆ ಕೆಲ್ಸ. ಹಾಕ್ಬಿಟ್ಟು ಹೋಗ್ತೀನಿ."

"ಬೇಡ ಅಂದ್ನಲ್ಲ."

ಮುನಿಕೃಷ್ಣ ಕೇಳದೆ ಬೈಕಿನ ಪಕ್ಕ ಕೂತು ಸೀಟಿಗೆ ಕೈ ಹಾಕಿದ. ಅನಿಲ ಅವನ ಮಣಿಕಟ್ಟು ಹಿಡಿದುಕೊಂಡ.

"ಅಳಿಯಂದ್ರೇ" ಎಂದರು ವೆಂಕಟರಾಯಪ್ಪ. "ಗಾಡಿ ಅವನ್ದು. ಓಡ್ತಾ ಇದೆ. ನಿಮಗ್ಯಾಕೆ ಈ ಹಠ?"

"ಮಾವ, ಅಂಟು ಪೆಟ್ರೋಲಿಗೆ ನಿಲ್ಲಲ್ಲ. ಇವತ್ತಲ್ಲ ನಾಳೆ ಬಿಟ್ಕೊಳುತ್ತೆ. ಬಿಟ್ಕೊಂಡ್ರೆ ಪೆಟ್ರೋಲು ನೇರ ಕಾದಿರೋ ಎಂಜಿನ್ ಮೇಲೆ ಚಿಮ್ಮೋದು."

"ಚೆನ್ನಾಗಿದ್ದಿದ್ದನ್ನ ಮುರ್ದಿದ್ದೂ ನೀವೇ, ಈಗ ಹಾಕ್ತೀನಿ ಅಂತ ಬಂದಿರೋದೂ ನೀವೇ" ಎಂದ ಅನಿಲ. "ಎಲ್ಲಾರ ಮುಂದೆ ನನ್ನ ನಗೆಪಾಟ್ಲು ಮಾಡಿದ್ದು ಸಾಲ್ದಾ?"

ಮುನಿಕೃಷ್ಣ ಕೈ ಬಿಡಿಸಿಕೊಂಡು ಎದ್ದ. ಚೀಲದಿಂದ ಕನೆಕ್ಟರಿನ ಪೊಟ್ಟಣ ತೆಗೆದು ಜಗಲಿಯ ಮೇಲೆ ಎಸೆದ. "ಉರ್ಕೊಂಡು ಸಾಯಿ ಹೋಗು" ಎಂದುಬಿಟ್ಟು, ಬೈರಮ್ಮ ತಂದ ಮಜ್ಜಿಗೆಯನ್ನೂ ಮುಟ್ಟದೆ ಹೊರಟುಹೋದ. ಹುಳುಮನೆಯ ಬಾಗಿಲಲ್ಲಿ ಮೇಘನಳ ಕೈಯ ಮಚ್ಚು ಸೊಪ್ಪಿನ ಮೇಲೇ ನಿಂತಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕೆಲವು ದಿನ ಗಾಡಿ ಚೆನ್ನಾಗಿಯೇ ಓಡಿತು. ಮಾವಿನ ಕಾಯಿ ಕೀಳುವ ಹೊತ್ತಿಗೆ ಒಕ್ಕಲೇರಿಯಲ್ಲಿ ಮೇಘನಳ ಅಕ್ಕನ ಮಗುವಿಗೆ ನಾಮಕರಣವಿತ್ತು. ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಅವಳು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಉಡುಗೊರೆಯ ಚೀಲ ಇಟ್ಟುಕೊಂಡು, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದಳು. ಕೋಲಾರ ದಾಟಿದ ಮೇಲೆ ಒಂದು ಉಬ್ಬಿನಲ್ಲಿ ಗಾಡಿ ಎಗರಿತು. ತೊಡೆಯ ಹತ್ತಿರ ಏನೋ ತಣ್ಣಗಾದ ಹಾಗಾಯಿತೆಂದು ಅನಿಲ ಆಮೇಲೆ ಹೇಳಿದ. ಬಗ್ಗಿ ನೋಡುವಷ್ಟರಲ್ಲಿ ಬೆಂಕಿ ಎದ್ದಿತ್ತು. ಅವನು ಗಾಡಿ ಬಿಟ್ಟು ಹಾರಿದ. ಸೀರೆಯ ಸೆರಗು ಹಿಂದಿನ ಹಿಡಿಕೆಗೆ ಸಿಕ್ಕಿಕೊಂಡು ಮೇಘನ ಗಾಡಿಯ ಜೊತೆಗೇ ಬಿದ್ದಳು. ಟೊಮೆಟೊ ತುಂಬಿಕೊಂಡು ಹಿಂದೆ ಬರುತ್ತಿದ್ದ ಲಾರಿಯ ಡ್ರೈವರು ಇಳಿದು ಓಡಿ ಬಂದು ಅವಳನ್ನು ಎಳೆದು, ಟಾರ್ಪಾಲು ಹೊದಿಸಿ ಉರಿ ಆರಿಸಿದ. ಅನಿಲನಿಗೆ ಮೊಣಕೈ ತರಚಿತ್ತು. ಮೇಘನಳ ಎಡಗಾಲು ತೊಡೆಯಿಂದ ಪಾದದವರೆಗೆ ಸುಟ್ಟಿತ್ತು. ಎಡಗೈಯೂ ಸುಟ್ಟಿತ್ತು.

ಮುನಿಕೃಷ್ಣನೂ ಸಹನಳೂ ಕೋಲಾರದ ಆಸ್ಪತ್ರೆಗೆ ಓಡಿಬಂದರು. ವಾರ್ಡಿನ ಬಾಗಿಲಲ್ಲಿ ಬೈರಮ್ಮ ಅಡ್ಡ ನಿಂತಳು.

"ಉರ್ಕೊಂಡು ಸಾಯಿ ಅಂದ್ಯಲ್ಲಪ್ಪ. ನಿನ್ ಬಾಯಲ್ಲಿ ಬಂದಿದ್ದು ಆಯ್ತಲ್ಲ. ಇನ್ನೇನ್ ನೋಡೋಕ್ ಬಂದೆ?"

"ಅತ್ತೆ, ನಾನು..." ಎಂದು ಶುರುಮಾಡಿದ ಮುನಿಕೃಷ್ಣ. ಅನಿಲ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಕೆಲವು ದಿನಗಳಾದ ಮೇಲೆ ಠಾಣೆಯಿಂದ ಮುನಿಕೃಷ್ಣನಿಗೆ ಕರೆ ಬಂತು. ಗಾಡಿಗೆ ಕೊನೆಯಲ್ಲಿ ಕೈ ಹಾಕಿದವರು ಯಾರು ಎಂದು ವಿಮೆಯವರೂ ಪೊಲೀಸರೂ ಕೇಳಿದ್ದಕ್ಕೆ ಅನಿಲ ಭಾವನ ಹೆಸರು ಹೇಳಿದ್ದ. ಅಂಟಿನ ವಿಷಯ ಬಾಯಿಬಿಡಬೇಡ ಎಂದು ಕದಿರೇಶ್ ಅವನ ಕೈ ಹಿಡಿದು ಬೇಡಿಕೊಂಡಿದ್ದನಂತೆ. ಅದಕ್ಕಿಂತ ಹೆಚ್ಚಾಗಿ, ತಡೆಯಲು ಬಂದವನ ಕೈ ಹಿಡಿದು ಹಿಂದಕ್ಕೆ ಕಳಿಸಿದ್ದು ತಾನೇ ಎಂದು ಅನಿಲ ಯಾರಿಗೆ ತಾನೇ ಹೇಳಿಯಾನು? ಹೆಂಡತಿ ಸುಟ್ಟು ಮಲಗಿದ್ದಳು. ತಪ್ಪು ಯಾರದಾದರೂ ಆಗಲೇಬೇಕಿತ್ತು.

ಸಬ್ ಇನ್‌ಸ್ಪೆಕ್ಟರ್ ಜೋರು ಮಾಡುವ ಮನುಷ್ಯನಲ್ಲ. ಕೂರಿಸಿಯೇ ಕೇಳಿದ.

"ಗಾಡಿ ಬಿಚ್ಚಿದ್ದು ನೀವೇ ತಾನೇ?"

"ಬಿಚ್ಚಿದ್ದು ನಾನೇ ಸಾರ್."

"ಆ ಪ್ಲಾಸ್ಟಿಕ್ಕು ಮುರ್ದಿದ್ದು?"

"ನನ್ ಕೈಯಲ್ಲೇ ಮುರೀತು. ಮೊದ್ಲೇ ಸೀಳಿತ್ತು. ಗಾಡಿ ಇಲ್ಲೇ ಬಿಡು ಅಂದಿದ್ದೆ."

"ಮತ್ತೆ ಅವ್ರ ಕೈಗೆ ಹೆಂಗೆ ಹೋಯ್ತು? ಕೀ ಕೊಟ್ಟಿದ್ದು ಯಾರು?"

ಮುನಿಕೃಷ್ಣ ನೆಲ ನೋಡುತ್ತಾ ಕೂತ. ಅವನ ಹಿಂದೆ ನಿಂತಿದ್ದ ಸಹನ ಮುಂದೆ ಬಂದಳು.

"ನಾನು ಸಾರ್. ನನ್ ತಮ್ಮನೇ ಬಂದು ಕೇಳ್ದ. ಲಗೇಜ್ ಆಟೋದಲ್ಲಿ ಹಾಕ್ಕೊಂಡು ಹೋದ. ಅಂಟು ಹಾಕಿದ್ದು ಕದಿರೇಶ್ ಅನ್ನೋನು. ಇವ್ರು ಮಾರನೇ ದಿನಾನೇ ಹೊಸದು ತಗೊಂಡು ಹೋಗಿದ್ರು. ಅವ್ರು ಹಾಕ್ಸ್ಕೊಳ್ಲಿಲ್ಲ. ಮೇಘನ ಅಲ್ಲೇ ಇದ್ಲು, ಬೇಕಾದ್ರೆ ಅವಳನ್ನ ಕೇಳಿ."

ಮೇಘನ ಸುಳ್ಳು ಹೇಳುವುದಿಲ್ಲ ಎಂದು ಸಹನ ನಂಬಿದ್ದಳು. ಪೊಲೀಸರು ಆಸ್ಪತ್ರೆಗೆ ಹೋಗಿ ಕೇಳಿದರು. ಹಾಸಿಗೆಯ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಗಂಡ. "ನಂಗೊತ್ತಿಲ್ಲ ಸಾರ್. ನಾನು ಒಳಗೆ ಹುಳಕ್ಕೆ ಸೊಪ್ಪು ಹಾಕ್ತಿದ್ದೆ" ಎಂದಳು ಮೇಘನ.

ಕದಿರೇಶ್ ತಾನು ಆ ಗಾಡಿ ಮುಟ್ಟೇ ಇಲ್ಲ ಎಂದ. ಕೇಸು ಮುಂದುವರಿಯಲಿಲ್ಲ. ಸುಟ್ಟು ಕರಕಲಾದ ಗಾಡಿಯಲ್ಲಿ ಅಂಟೂ ಇರಲಿಲ್ಲ, ಪ್ಲಾಸ್ಟಿಕ್ಕೂ ಇರಲಿಲ್ಲ. ಮನೆ ವಿಷಯ, ಬೇಡ ಬಿಡಿ ಎಂದು ವೆಂಕಟರಾಯಪ್ಪನೇ ಪೊಲೀಸರಿಗೆ ಹೇಳಿ ಮುಗಿಸಿದರು. ಆಮೇಲೆ ಮಗಳಿಗೆ ಫೋನು ಮಾಡಿದರು.

"ಗಂಡನ್ನ ಉಳಿಸ್ಕೊಳ್ಳೋಕೆ ಒಡಹುಟ್ಟಿದ ತಮ್ಮನ್ನ ಠಾಣೇಲಿ ನಿಲ್ಸಿದೆ. ಒಳ್ಳೇದಾಯ್ತು. ಇನ್ಮೇಲೆ ನೀನು ಈ ಕಡೆ ಬರೋದು ಬೇಡಮ್ಮ."

"ನಿಜ ತಾನೇ ನಾನು ಹೇಳಿದ್ದು, ನಾನ್ನಾ?" ಎಂದಳು ಸಹನ. ಅಪ್ಪನನ್ನು ಅವಳು ಕರೆಯುತ್ತಿದ್ದುದು ತೆಲುಗಿನಲ್ಲೇ. ಆ ಕಡೆ ಫೋನು ಇಟ್ಟುಬಿಟ್ಟರು. ಆ ವರ್ಷ ಗೌರಿಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ.

ಮುನಿಕೃಷ್ಣನ ಗ್ಯಾರೇಜಿಗೆ ಮಾತು ಅವನಿಗಿಂತ ಮೊದಲೇ ತಲುಪಿತ್ತು. ಬಾಮೈದನ ಬೈಕು ಬಿಚ್ಚಿ ಅರ್ಧಂಬರ್ಧ ಜೋಡಿಸಿ ಕಳಿಸಿದನಂತೆ, ಶಾಪ ಬೇರೆ ಹಾಕಿದನಂತೆ ಎಂದು ಮುಳಬಾಗಿಲಿನವರೆಗೂ ಜನ ಆಡಿಕೊಂಡರು. ಅವನು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಅದರ ಬದಲು ಒಂದು ಹಠ ಹಿಡಿದ. ಪಂಪಿರುವ ಯಾವ ಗಾಡಿ ಯಾವ ಕೆಲಸಕ್ಕೆ ಬಂದರೂ ಮೊದಲು ಟ್ಯಾಂಕು ಎತ್ತಿ ಆ ಪ್ಲಾಸ್ಟಿಕ್ ಕನೆಕ್ಟರ್ ನೋಡುತ್ತಿದ್ದ. ಕ್ಲಿಪ್ಪು ಒತ್ತುವ ಮೊದಲು ಮಾಲೀಕನನ್ನು ಪಕ್ಕಕ್ಕೆ ಕರೆದು, ಬೆರಳಿಟ್ಟು ತೋರಿಸಿ, "ಇದು ನಾನ್ ಮುಟ್ಟೋಕ್ ಮುಂಚೆನೇ ಹಿಂಗಿದೆ, ನೋಡ್ಕೊಂಡ್ಯಾ?" ಎಂದು ಕೇಳುತ್ತಿದ್ದ. ಹೂಂ ಎನ್ನುವವರೆಗೆ ಬಿಡುತ್ತಿರಲಿಲ್ಲ. ಚೈನು ಬಿಗಿ ಮಾಡಿಸಲು ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಹಳೆಯದನ್ನು ತೆಗೆದು ಲೋಹದ್ದು ಹಾಕಿಸಿ ಎಂದರೆ, ಇಲ್ಲದ ಕೆಲಸ ಹುಟ್ಟಿಸುತ್ತಾನೆ ಎಂದುಕೊಂಡು ಹೋಗುತ್ತಿದ್ದರು. ಹೋದವರು ತಿರುಗಿ ಬರುತ್ತಿರಲಿಲ್ಲ.

ಒಂದು ದಿನ ತಾಯಲೂರಿನ ಕಡೆಯ ಒಬ್ಬ ಗಿರಾಕಿ ಮೊಬೈಲು ತೆಗೆದು ತೋರಿಸಿದ. "ನೀವ್ ಹೇಳೋದು ಇದೇ ತಾನೇ ಅಣ್ಣ? ಶ್ರೀನಿವಾಸಪುರದಲ್ಲಿ ಒಬ್ರು ಇದಾರೆ, ಇದ್ರಲ್ಲಿ ಎಕ್ಸ್‌ಪರ್ಟು. ದೂರದಿಂದೆಲ್ಲ ಬರ್ತಾರಂತೆ."

ವೀಡಿಯೋದಲ್ಲಿ ಕದಿರೇಶ್ ಇದ್ದ. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಸೀಳಿದ ಪ್ಲಾಸ್ಟಿಕ್ಕು, ಇನ್ನೊಂದರಲ್ಲಿ ಹೊಳೆಯುವ ಲೋಹದ್ದು. 'ಸ್ನೇಹಿತರೇ, ಇದನ್ನ ನಿರ್ಲಕ್ಷ್ಯ ಮಾಡ್ಬೇಡಿ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಇದೇ ಕಾರಣಕ್ಕೆ ಸುಟ್ಕೊಂಡ್ರು' ಎಂದು ಹೇಳುತ್ತಿದ್ದ. ಟ್ಯಾಂಕು ಹೇಗೆ ಎತ್ತಬೇಕು, ಹಳೆಯದನ್ನು ಹೇಗೆ ಬಿಡಿಸಬೇಕು, ಹೊಸದರ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ ಹೇಗೆ ಕೂರಿಸಬೇಕು ಎಂದು ಒಂದೊಂದಾಗಿ ತೋರಿಸಿದ.

ಮುನಿಕೃಷ್ಣ ಅದನ್ನು ಕೊನೆಯವರೆಗೆ ನೋಡಿದ. "ಸರಿಯಾಗೇ ಹೇಳಿದಾನೆ" ಎಂದು ಮೊಬೈಲು ವಾಪಸು ಕೊಟ್ಟ. ಆ ಗಿರಾಕಿ ತನ್ನ ಗಾಡಿಯನ್ನು ಶ್ರೀನಿವಾಸಪುರಕ್ಕೇ ತೆಗೆದುಕೊಂಡು ಹೋದ.

ಆ ವರ್ಷದ ಕೊನೆಯಲ್ಲಿ ಮುನಿಕೃಷ್ಣ ಗ್ಯಾರೇಜು ಮುಚ್ಚಿ, ಹೆದ್ದಾರಿಯಲ್ಲೇ ಇನ್ನೊಂದಿಷ್ಟು ದೂರದಲ್ಲಿದ್ದ ಲಾರಿ ವರ್ಕ್‌ಶಾಪಿನಲ್ಲಿ ಕೂಲಿಗೆ ಸೇರಿಕೊಂಡ. ಲಾರಿಗಳು ಅವನಿಗೆ ಹೊಸದು. ಹೇಳಿದಷ್ಟು ಮಾಡುತ್ತಿದ್ದ. ಬೋಳು ಟೈರು ಕಂಡರೂ ಬಾಯಿ ತೆರೆಯುತ್ತಿರಲಿಲ್ಲ. ಬೈಗುಳವಿಲ್ಲದ ಗಂಡನ ಜೊತೆ ಬದುಕುವುದು ಸಹನಳಿಗೆ ಕಷ್ಟವಾಯಿತು. ಅನ್ನ ಹಾಕಿದರೆ ಉಣ್ಣುತ್ತಿದ್ದ, ಹಾಕದಿದ್ದರೆ ಕೇಳುತ್ತಿರಲಿಲ್ಲ.

ಮುನಿಕೃಷ್ಣನ ಅಪ್ಪ ಸುಬ್ಬರಾಯಪ್ಪ ತೀರಿಕೊಂಡ ಮೇಲೆ ತಾಯಿ ಆವಲಮ್ಮ ಮಗನ ಮನೆಗೇ ಬಂದಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ತೋರಿಸಲೆಂದು ಸಹನ ಅತ್ತೆಯನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಚೀಟಿ ಮಾಡಿಸಿಕೊಂಡು ಬರುವಾಗ, ನೀರಿನ ನಲ್ಲಿಯ ಹತ್ತಿರ ಯಾರೋ "ಅಕ್ಕಾ" ಎಂದರು.

ಮೇಘನ. ಚೂಡಿದಾರ ಹಾಕಿಕೊಂಡಿದ್ದಳು. ಎಡಗೈಯ ಚರ್ಮ ಸುಕ್ಕುಗಟ್ಟಿ, ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಲಿನ ವ್ಯಾಯಾಮಕ್ಕೆಂದು ಪ್ರತಿ ವಾರ ಇಲ್ಲಿಗೆ ಬರುತ್ತಿದ್ದಳಂತೆ. ಜೊತೆಗೆ ಯಾರೂ ಇರಲಿಲ್ಲ.

"ಚೆನ್ನಾಗಿದೀಯಾ ಅಕ್ಕ? ಬಾವ ಹೆಂಗಿದಾರೆ?"

ಸಹನ ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಮೇಘನಳೇ ಮುಂದುವರಿಸಿದಳು. "ಅವತ್ತು ಪೊಲೀಸ್ನೋರು ಕೇಳ್ದಾಗ ನಂಗೆಲ್ಲ ಗೊತ್ತಿತ್ತು ಅಕ್ಕ. ಬಾವ ಹೇಳಿದ್ದು ಒಂದೊಂದ್ ಮಾತೂ ಕೇಳ್ಸ್ಕೊಂಡಿದ್ದೆ. ಅವ್ರು ಎಸೆದು ಹೋದ ಪೊಟ್ಟಣ ಎತ್ತಿ ಒಳಗಿಟ್ಟೋಳೂ ನಾನೇ. ಹಾಕ್ಸಿ ಅಂತ ಇವ್ರಿಗೆ ಎರಡು ಸಲ ಹೇಳ್ದೆ."

"ಮತ್ತೆ ಯಾಕೆ ಗೊತ್ತಿಲ್ಲ ಅಂದೆ?"

"ಹಾಸಿಗೆಯಿಂದ ಏಳೋಕಾಗ್ತಿರ್ಲಿಲ್ಲ. ಒಂದು ಲೋಟ ನೀರಿಗೂ, ಬಟ್ಟೆ ಬದಲಾಯ್ಸೋಕೂ ಅತ್ತೇನೇ ಬೇಕಾಗಿತ್ತು. ಅವ್ರ ಮಗನ್ ಮೇಲೆ ಹೇಳ್ಬಿಟ್ಟು ಅದೇ ಮನೆಗೆ ಹೆಂಗೆ ಹೋಗ್ಲಿ ಅಕ್ಕ? ಈ ಕಾಲಿಟ್ಕೊಂಡು ಒಕ್ಕಲೇರಿಗೆ ಹೋದ್ರೆ ಅಲ್ಲಿ ಯಾರು ಇಟ್ಕೋತಾರೆ?"

ಸಹನಳಿಗೆ ಹೊಡೆಯಬೇಕು ಅನಿಸಿತು. ಆ ಕೈ ನೋಡಿ ಅದೂ ಆಗಲಿಲ್ಲ.

"ಈಗ ಹೇಳ್ತೀಯಾ?" ಎಂದಳು. "ನಮ್ಮಪ್ಪನ ಮುಂದೆ ಬಂದು ಈಗ ನಂಗೆ ಹೇಳಿದ್ದೇ ಹೇಳು. ಪೊಲೀಸ್ ಬೇಡ, ಏನೂ ಬೇಡ. ಅವ್ರೊಬ್ರಿಗೆ ಹೇಳು ಸಾಕು."

ಮೇಘನ ನಲ್ಲಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತಾ ನಿಂತಳು. ಒಳಗಿನಿಂದ ಅವಳ ಹೆಸರು ಕೂಗಿದರು. "ಬರ್ತೀನಿ ಅಕ್ಕ" ಎಂದು, ಎಡಗಾಲು ಎಳೆಯುತ್ತಾ, ಗೋಡೆ ಹಿಡಿದುಕೊಂಡು ಹೋದಳು.

"ಯಾರಮ್ಮ ಅದು, ಅಷ್ಟೊತ್ತು ಮಾತಾಡಿದ್ದು?" ಎಂದು ಕೇಳಿದಳು ಆವಲಮ್ಮ.

"ಗೊತ್ತಿರೋರು" ಎಂದಳು ಸಹನ.

ಬಸ್ಸಿನಲ್ಲಿ ಮುಳಬಾಗಿಲು ದಾಟುವವರೆಗೂ ಇದನ್ನು ಗಂಡನಿಗೆ ಹೇಗೆ ಹೇಳುವುದೆಂದೇ ಅವಳು ಯೋಚಿಸುತ್ತಿದ್ದಳು. ಹೇಳಿದರೆ ಏನಾಗುತ್ತದೆ? ನಿಜ ಗೊತ್ತಿದ್ದವರೂ ಸುಮ್ಮನಿದ್ದರು ಎಂಬುದೊಂದು ಸೇರುತ್ತದೆ, ಅಷ್ಟೇ. ಅಪ್ಪ ನಂಬುವುದಿಲ್ಲ, ಮೇಘನ ಬಾಯಿ ಬಿಡುವುದಿಲ್ಲ. ನಂಗಲಿಯಲ್ಲಿ ಇಳಿಯುವ ಹೊತ್ತಿಗೆ ಹೇಳಬಾರದೆಂದು ತೀರ್ಮಾನಿಸಿದ್ದಳು.

ಮುನಿಕೃಷ್ಣ ಆಗ ತಾನೇ ಕೆಲಸದಿಂದ ಬಂದು, ಹಿತ್ತಲಲ್ಲಿ ಸೋಪಿನ ಪುಡಿ ಹಾಕಿ ಕೈಯ ಗ್ರೀಸು ತಿಕ್ಕುತ್ತಿದ್ದ.

"ಡಾಕ್ಟರ್ ಏನಂದ್ರು?"

"ಆಪರೇಷನ್ ಮಾಡ್ಬೇಕಂತೆ. ಮುಂದಿನ ವಾರ ಮತ್ತೆ ಬರೋಕೆ ಹೇಳಿದಾರೆ."

"ನಾನೇ ರಜಾ ಹಾಕಿ ಕರ್ಕೊಂಡು ಹೋಗ್ತೀನಿ."

"ಬೇಡ" ಎಂದಳು ಸಹನ ತಟ್ಟನೆ. "ನೀವ್ ಬರ್ಬೇಡಿ. ನಾನೇ ಹೋಗ್ತೀನಿ."

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಚೊಂಬಿನಿಂದ ನೀರು ಬಗ್ಗಿಸಿಕೊಂಡು ಕೈ ತೊಳೆದುಕೊಂಡ.